ಎರಡಾಳು ನೀರು

ಅತ್ತೆ ತೀರಿಕೊಂಡ ಮೇಲೆ ನನಗೆ ಬೆಳಗಿನ ಹೊತ್ತು ಉಳಿಯತೊಡಗಿತು. ಅವರು ಹಾಸಿಗೆ ಹಿಡಿದು ಬಹಳ ವರ್ಷಗಳಾಗಿದ್ದವು. ಮಡಿನೀರು ಇಡುವುದು, ಮೈ ಒರೆಸುವುದು, ಗುಳಿಗೆ ಕೊಡುವುದು, ಮಗ್ಗುಲು ಬದಲಿಸುವುದು, ಇಷ್ಟರೊಳಗೆ ಸೇಡಂ ಊರಿನ ಮೇಲೆ ಬಿಸಿಲು ಏರಿಬಿಡುತ್ತಿತ್ತು. ಅವರು ಹೋದ ಮೇಲೂ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಅವರ ಕೋಣೆಯ ಬಾಗಿಲವರೆಗೆ ಹೋಗಿ, ಸುತ್ತಿಟ್ಟ ಗಾದಿಯನ್ನು ನೋಡಿ ತಿರುಗಿ ಬರುತ್ತಿದ್ದೆ. ಅವರ ಮೇಲೆ ನನಗೆ ವಿಶೇಷ ಪ್ರೀತಿ ಇತ್ತು ಎಂದರೆ ಸುಳ್ಳಾದೀತು. ಆದರೆ ಅಷ್ಟು ವರ್ಷ ಇನ್ನೊಬ್ಬರ ಮೈ ಮುಟ್ಟಿ ಬೆಳಗು ಮಾಡಿದ ಕೈಗಳಿಗೆ, ಈಗ ಎಲ್ಲಿ ಹೋಗಬೇಕೆಂದು ತಿಳಿಯುತ್ತಿರಲಿಲ್ಲ.

ಎದುರು ಮನೆಯ ಭಾಗ್ಯಶ್ರೀ ಇದನ್ನು ಗಮನಿಸಿರಬೇಕು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು ಅವಳು. ಬೇಸಿಗೆ ರಜೆ ಶುರುವಾದ ಒಂದು ಸಂಜೆ ಗೇಟಿನ ಹೊರಗೇ ನಿಂತು ಕೇಳಿದಳು.

"ವೈನಿ, ನಾಳೆ ಮುಂಜಾನೆ ಏನ್ ಕೆಲಸ ಅದ ನಿಮಗ?"

"ಏನಿಲ್ಲ. ಯಾಕವಾ?"

"ಮಾಲೀಪಾಟೀಲರ ಬಾವಿ ಸ್ವಚ್ಛ ಮಾಡ್ಲಿಕತ್ತೀವಿ. ಬರೇ ಹೆಣ್ಮಕ್ಕಳು. ಹೂಳು ಭಾಳ ಅದ, ಕೈ ಸಾಲವಲ್ದು."

"ನನ್ನ ಮೊಳಕಾಲು ನಿನಗ ಗೊತ್ತದಲ್ಲ."

"ಮನ್ಯಾಗ ಕುಂತ್ರ ಮೊಳಕಾಲು ನೆಟ್ಟಗಾಗ್ತಾವೇನು? ನೀವೇನು ಹೊರಬ್ಯಾಡ್ರಿ. ಸಾಲಿನಾಗ ನಿಂತು, ಹಿಂದಿನವರ ಬುಟ್ಟಿ ಮುಂದಿನವರಿಗೆ ಕೊಡ್ರಿ, ಆತು."

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ನಮ್ಮವರು, ರಘುವೀರರಾವ್, ಖಜಾನೆ ಕಚೇರಿಯಲ್ಲಿ ನೌಕರಿ ಮಾಡುವವರು. ಕೆಟ್ಟ ಮನುಷ್ಯರಲ್ಲ. ಪ್ರತಿಯೊಂದಕ್ಕೂ ಕಾರಣ ಕೇಳುವ ರೂಢಿ ಮಾತ್ರ ಕಚೇರಿಯಿಂದ ಮನೆಗೂ ಬಂದಿತ್ತು.

"ಈ ವಯಸ್ಸಿನಾಗ ಕೆಸರು ಹೊರೂ ಹುಕಿ ಯಾಕ ಬಂತು ನಿನಗ?"

"ವಯಸ್ಸಿಗೇ ಕೇಳ್ರಿ" ಎಂದು ಇನ್ನೊಂದು ಸೌಟು ಹುಳಿ ಬಡಿಸಿದೆ.

ಊರು ಮುಗಿದು ತೊಗರಿ ಹೊಲಗಳು ಶುರುವಾಗುವಲ್ಲಿ ಆ ಬಾವಿ ಇದೆ. ಚೌಕನೆಯ ದೊಡ್ಡ ಬಾವಿ. ಸುತ್ತಲೂ ಶಹಾಬಾದ ಕಲ್ಲಿನ ಗೋಡೆ, ಪೂರ್ವದ ಕಡೆ ನೀರಿನವರೆಗೆ ಇಳಿಯುವ ಮೆಟ್ಟಿಲು. ಒಂದು ಕಾಲಕ್ಕೆ ಊರಿನ ಅರ್ಧ ಜನ ಕುಡಿಯುತ್ತಿದ್ದುದು ಇದೇ ನೀರು. ನಳ ಬಂದ ಮೇಲೆ ಜನ ಬಿಂದಿಗೆ ತರುವುದನ್ನು ಬಿಟ್ಟು ಕಸ ತರತೊಡಗಿದರು. ಹೊಲದ ಒಡೆಯ ಅಂಬಾರಾಯ ಮಾಲೀಪಾಟೀಲರು, "ಮಾಡ್ರಿ, ಆದ್ರ ಯಾರ್ದಾರ ಕಾಲು ಮುರದ್ರ ನನ್ನ ಮ್ಯಾಲೆ ಬರಬ್ಯಾಡ್ರಿ" ಎಂದು ಒಪ್ಪಿದ್ದರಂತೆ. ಒಪ್ಪಿಸಿದವರು ಅವರ ತಾಯಿ ಶರಣಬಸಮ್ಮ. ಎಂಬತ್ತರ ಹತ್ತಿರದ ಹೆಂಗಸು. ತೆಂಗಳಿಯಿಂದ ಮದುವೆಯಾಗಿ ಬಂದ ದಿನ ಈ ಬಾವಿಯ ನೀರಿನಲ್ಲೇ ಕಾಲು ತೊಳೆದು ಮನೆ ಹೊಕ್ಕವರು. ನಾವೆಲ್ಲ ಅವರನ್ನು ಆಯಿ ಎನ್ನುತ್ತಿದ್ದೆವು. ದಿನಾ ಮುಂಜಾನೆ ಮೇಲಿನ ಮೆಟ್ಟಿಲ ಮೇಲೆ ಬಂದು ಕೂತು, ಕೆಳಗಿನವರಿಗೆ ಹುಕುಂ ಮಾಡುತ್ತ, ಚಹಾ ಕಾಯಿಸಿ ಕಳಿಸುತ್ತ, ಬೈಯುತ್ತ ಇರುತ್ತಿದ್ದರು.

ಮೊದಲ ದಿನ ನಾನು ಸಾಲಿನ ನಡುವೆ ನಿಂತೆ. ನಾಲ್ಕಾರು ದಿನಗಳಲ್ಲಿ ನನಗೇ ಗೊತ್ತಾಗದಂತೆ ಒಂದೊಂದೇ ಮೆಟ್ಟಿಲು ಇಳಿದು ತಳದಲ್ಲಿದ್ದೆ. ಮೋಟಾರು ಹಚ್ಚಿ ನೀರೆಲ್ಲ ಎತ್ತಿದ್ದರು. ಮೊಳಕಾಲುದ್ದ ಹೂಳು. ಅತ್ತೆಯನ್ನು ಮಗ್ಗುಲು ಬದಲಿಸಿ ಬದಲಿಸಿ ನನ್ನ ತೋಳು ಗಟ್ಟಿಯಾಗಿದ್ದವು ಎಂಬುದು ಅಲ್ಲಿ ತಿಳಿಯಿತು. ನನ್ನ ಜೊತೆ ತಳದಲ್ಲಿ ಸಲಿಕೆ ಹಿಡಿದವಳು ಲತೀಫಾ, ಬಸ್ ಸ್ಟ್ಯಾಂಡಿನ ಹಿಂದೆ ಬಟ್ಟೆ ಹೊಲಿಯುವವಳು. ಅವಳ ತವರು ಶಹಾಬಾದ, ತಂದೆ ಕಲ್ಲಿನ ಖಣಿಯಲ್ಲಿ ದುಡಿದವರು. ಕಲ್ಲು ನೋಡಿದರೆ ಸಾಕು, ಅವಳಿಗೆ ಅಪ್ಪನ ನೆನಪು.

ತಳ ಸಮನಾಗಿರಲಿಲ್ಲ. ಮೆಟ್ಟಿಲು ಮುಗಿಯುವಲ್ಲಿದ್ದ ದೊಡ್ಡ ಹಾಸುಗಲ್ಲು ಒಂದು ಕಡೆಗೆ ವಾಲಿತ್ತು. ತುಂಬಿದ ಬುಟ್ಟಿಯನ್ನು ಅದರ ಮೇಲೆ ಇಟ್ಟು ತಿರುಗಿದರೆ ಸಾಕು, ಮೆಲ್ಲಗೆ ಜಾರಿ ಜಾರಿ ಬಡಗಣ ಗೋಡೆಯ ಸಂದಿಗೆ ಹೋಗಿ ನಿಲ್ಲುತ್ತಿತ್ತು.

"ಈ ಬುಟ್ಟಿ ತವರುಮನಿ ಆ ಮೂಲ್ಯಾಗೇ ಅದ ನೋಡ್ರಿ ಬಾಯಿ" ಎನ್ನುತ್ತಿದ್ದಳು ಲತೀಫಾ. "ಜರಾ ಕಣ್ಣು ತಪ್ಪಿಸಿದ್ರ ಹೊಂಟೇಬಿಡ್ತದ. ನಮಗ ಹಾಂಗ ಹೋಗ್ಲಿಕ್ಕೆ ಬಿಡ್ತಾರೇನು?"

ಮೇಲಿನಿಂದ ಆಯಿ, "ಮಾತು ಕಮ್ಮಿ ಮಾಡ್ರಿ, ಹೂಳು ನಕ್ಕೋತ ಮ್ಯಾಲೆ ಬರಂಗಿಲ್ಲ" ಎನ್ನುವರು.

ಆ ಬೇಸಿಗೆಯಲ್ಲಿ ನನಗೆ ನಿದ್ದೆ ತಿರುಗಿ ಬಂತು. ಮೊಳಕಾಲು ನೋಯುತ್ತಿದ್ದವು, ಆದರೆ ನೋವಿಗೆ ಈಗ ಒಂದು ಅರ್ಥವಿತ್ತು. ಇನ್ನೊಂದು ಸಂಗತಿ, ಹೇಳಲು ಸಣ್ಣದು. ಆ ಬಾವಿಯಲ್ಲಿ ಹೆಂಗಸರು ನನ್ನನ್ನು ಭಾಮಾಬಾಯಿ ಎಂದು ಕರೆಯುತ್ತಿದ್ದರು. ಮನೆಯಲ್ಲಿ ನಮ್ಮವರು "ಏ, ಕೇಳಿಲ್ಲಿ" ಎನ್ನುವರು, ಮಗಳು ಅಮ್ಮ ಎನ್ನುವಳು, ಅತ್ತೆ ಕೊನೆಯ ವರ್ಷಗಳಲ್ಲಿ ಮಂಚವನ್ನು ಬಡಿದು ಕರೆಯುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ನನ್ನ ಹೆಸರನ್ನು ಜನ ಗಟ್ಟಿಯಾಗಿ ಕೂಗುವುದನ್ನು, ಅದು ಕಲ್ಲಿನ ಗೋಡೆಗೆ ತಾಗಿ ತಿರುಗಿ ಬರುವುದನ್ನು ಕೇಳಿದೆ. ಕೆಲವೊಮ್ಮೆ ಎರಡನೆಯ ಸಲ ಕೂಗಲಿ ಎಂದು ಓ ಎನ್ನದೆ ಸುಮ್ಮನಿರುತ್ತಿದ್ದೆ.

ಮಳೆಗಾಲದಲ್ಲಿ ಬಾವಿ ತುಂಬಿತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಮುಳುಗಿದ ಮೆಟ್ಟಿಲುಗಳನ್ನು ಎಣಿಸಬಹುದಿತ್ತು. ಭಾಗ್ಯಶ್ರೀ ತನ್ನ ಶಾಲೆಯ ಹುಡುಗಿಯರ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ ಈಜು ಕಲಿಸತೊಡಗಿದಳು. ಕೆಲಸ ಮುಗಿದಿದ್ದರೂ ನಾವು ದೊಡ್ಡವರು ಮುಂಜಾನೆ ಹೋಗುವುದನ್ನು ಬಿಡಲಿಲ್ಲ. ಸುತ್ತಲಿನ ಹುಲ್ಲು ಕೀಳುತ್ತಿದ್ದೆವು, ಗಿಡ ನೆಡುತ್ತಿದ್ದೆವು, ಆಮೇಲೆ ಮೆಟ್ಟಿಲ ಮೇಲೆ ಕೂತು ಹುಡುಗಿಯರನ್ನು ನೋಡುತ್ತಿದ್ದೆವು. ನಾನು ಎಲ್ಲರಿಗಿಂತ ಕೆಳಗೆ ಕೂತು ಕಾಲು ನೀರಿಗೆ ಬಿಡುತ್ತಿದ್ದೆ.

ನಾನು ಮಳಖೇಡದವಳು. ನಮ್ಮ ಮನೆಯ ಓಣಿ ಇಳಿದರೆ ಕಾಗಿಣಾ ಹೊಳೆ. ಅಪ್ಪ ಮುಂಜಾನೆ ಸ್ನಾನ, ಸಂಧ್ಯಾವಂದನೆಗೆ ಹೋಗುವಾಗ ಅವರ ಹಿಂದೆ ಅಣ್ಣ ಜಯತೀರ್ಥ, ಅವನ ಹಿಂದೆ ನಾನು. ಅಣ್ಣ ಒಣಗಿದ ಸೋರೆಬುರುಡೆಗಳನ್ನು ನನ್ನ ಬೆನ್ನಿಗೆ ಕಟ್ಟಿ ನೀರಿಗೆ ನೂಕಿದ. ಒಂದು ಬುರುಡೆ ಬಿಚ್ಚಿದ, ಆಮೇಲೆ ಇನ್ನೊಂದು. ಒಂದು ದಿನ ನಾನು ನಡುಹೊಳೆಯವರೆಗೆ ಹೋಗಿ ತಿರುಗಿದಾಗ, ಎರಡೂ ಬುರುಡೆ ದಡದಲ್ಲಿ ಅವನ ಕೈಯಲ್ಲಿದ್ದವು. ಕಾಗಿಣಾದ ತಳವೆಲ್ಲ ಹಾಸುಗಲ್ಲು. ಕಣ್ಣು ತೆರೆದು ಮುಳುಗಿದರೆ, ಬಿಸಿಲು ಆ ಕಲ್ಲುಗಳ ಮೇಲೆ ಬಲೆಯಂತೆ ಅಲುಗಾಡುತ್ತಿತ್ತು. ಕೆಳಗೆ ಹೋಗಿ ಕಲ್ಲಿನ ಮೇಲೆ ಅಂಗೈ ಊರಿ, ಒಂದು ಗಳಿಗೆ ಹಾಗೆಯೇ ಇರುತ್ತಿದ್ದೆ. ಅಲ್ಲಿ ಅಪ್ಪನ ಮಂತ್ರ ಕೇಳಿಸುತ್ತಿರಲಿಲ್ಲ, ಅವ್ವನ ಕೂಗು ಕೇಳಿಸುತ್ತಿರಲಿಲ್ಲ. ಕಿವಿಯೊಳಗೆ ನನ್ನ ರಕ್ತ ಹರಿಯುವುದು ಮಾತ್ರ ಕೇಳಿಸುತ್ತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಇಲ್ಲದ ಕೋಣೆಯೊಂದು ನನಗೆ ನೀರಿನ ಅಡಿಯಲ್ಲಿತ್ತು.

ನನಗೆ ಹನ್ನೆರಡು ತುಂಬಿದ ವರ್ಷ, ಒಂದು ಬೆಳಗ್ಗೆ ನಾನು ಮೇಲೆದ್ದಾಗ ಅವ್ವ ದಡದಲ್ಲಿ ನಿಂತಿದ್ದಳು. ಕೈಯಲ್ಲಿ ಲಂಗದ ಬದಲು ತನ್ನ ಒಣಗಿದ ಸೀರೆ. ಅವಳು ಸಿಟ್ಟು ಮಾಡಲಿಲ್ಲ. "ಇನ್ನ ಸಾಕು, ಭಾಮಾ" ಎಂದಳು, ಅಷ್ಟೆ. ಸೀರೆ ಸುತ್ತಿಸಿಕೊಂಡು ಮನೆಗೆ ನಡೆದೆ. ಅಣ್ಣ ಇನ್ನೂ ನೀರಿನಲ್ಲಿದ್ದ. ಆಮೇಲೆ ಹೊಳೆಗೆ ಹೋದೆ, ಮಡಿನೀರು ತರಲು, ಬಟ್ಟೆ ಒಗೆಯಲು, ಮದುವೆಯಾಗಿ ಬಂದ ಮೇಲೆ ಹಬ್ಬಕ್ಕೆ ಹೋದಾಗ ಮೊಳಕಾಲುದ್ದ ನೀರಿನಲ್ಲಿ ನಿಂತು ತಲೆಗೆ ಚೊಂಬು ಸುರಿದುಕೊಳ್ಳಲು. ಈಜಲಿಲ್ಲ. ಬಾವಿಯ ಹೆಂಗಸರಿಗೂ ನನಗೆ ಈಜು ಬರುತ್ತದೆಂದು ಹೇಳಲಿಲ್ಲ. ಹೇಳಿದರೆ ಇಳಿ ಎನ್ನುತ್ತಾರೆ. ಇಳಿದು, ಬರುವುದಿಲ್ಲ ಎಂದಾಗಿಬಿಟ್ಟರೆ ನೆನಪಿನಲ್ಲಿದ್ದ ಹೊಳೆಯೂ ಹೋದಂತೆ.

ಕಾರ್ತಿಕ ಮಾಸದ ಒಂದು ಸೋಮವಾರ ಆಯಿ ಮೇಲಿನ ಮೆಟ್ಟಿಲಲ್ಲಿ ಕೂಡಲಿಲ್ಲ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಬಂದರು. ಕೈಯಲ್ಲಿ ವಿಭೂತಿಯ ಡಬ್ಬಿ, ಹೂವು, ಸಣ್ಣ ತಂಬಿಗೆ.

"ಇವತ್ತು ಲಿಂಗಪೂಜಿ ಇಲ್ಲೇ ಮಾಡ್ಕೋತೀನಿ" ಎಂದರು. "ಹೊಸದಾಗಿ ಗಂಡನ ಮನಿಗೆ ನಡೀಲಿಕ್ಕೆ ಬಂದಾಗ ನಮ್ಮ ಅತ್ತಿ ಇದೇ ಮೆಟ್ಲದ ಮ್ಯಾಲೆ ಕುಂದ್ರಿಸಿ ಮಾಡಸ್ತಿದ್ರು. ನೀರು ಹೊಲಸಾದ ಮ್ಯಾಲೆ ಬಿಟ್ಟಿದ್ದೆ. ಈಗ ನೀವು ಹೆಣ್ಮಕ್ಕಳು ಬಾವಿಗೆ ಜೀವ ಕೊಟ್ಟೀರಿ."

ಕೊರಳಿನ ಶಿವದಾರದಿಂದ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡರು. ಬೆಟ್ಟದ ನೆಲ್ಲಿಕಾಯಿಯಷ್ಟು, ಕಪ್ಪಗೆ, ಎಣ್ಣೆ ಸವರಿದಂತೆ ನುಣ್ಣಗಿತ್ತು. ಹುಡುಗಿಯರನ್ನು ಭಾಗ್ಯಶ್ರೀ ಸುಮ್ಮನಿರಿಸಿದಳು. ಆಯಿ ಬಲಗೈಯಿಂದ ತಂಬಿಗೆಯನ್ನು ಬಾವಿಯಲ್ಲಿ ಅದ್ದಿ, ಲಿಂಗದ ಮೇಲೆ ನೀರು ಎರೆದರು. ಮನೆಯಲ್ಲಿ ಅವರು ಎರೆಯುತ್ತಿದ್ದುದು ಚಮಚದಿಂದ. ಇಲ್ಲಿ ತಂಬಿಗೆ ತುಂಬ ನೀರು ಒಮ್ಮೆಲೇ ಬಿತ್ತು. ಅಂಗೈ ವಾಲಿತು. ಲಿಂಗ ಜಾರಿತು, ಮೆಟ್ಟಿಲ ಅಂಚಿಗೆ ಒಮ್ಮೆ ತಾಗಿ, ನೀರಿಗೆ ಹೋಯಿತು. ಸದ್ದೂ ಆಗಲಿಲ್ಲ.

ಆಯಿ ಖಾಲಿ ಅಂಗೈಯನ್ನು ಹಾಗೆಯೇ ಚಾಚಿಕೊಂಡು ಕೂತಿದ್ದರು.

ನಾನು ವೈಷ್ಣವರ ಮನೆಯವಳು. ಆದರೆ ಈ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊರಳಿನ ಲಿಂಗ ಮೈ ಬಿಟ್ಟು ಹೋದರೆ, ಅದು ಸಿಗುವವರೆಗೆ ಹಳೆಯ ಕಾಲದವರು ಬಾಯಿಗೆ ಏನೂ ಹಾಕುವುದಿಲ್ಲ. ಈಗಿನವರು ಮಠಕ್ಕೆ ಹೋಗಿ ಬೇರೆ ಕಟ್ಟಿಸಿಕೊಳ್ಳುತ್ತಾರೆ. ಆಯಿ ಈಗಿನವರಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಹಿಂದಿನ ಶಿವರಾತ್ರಿಯ ಉಪವಾಸದಲ್ಲಿ ತಲೆ ತಿರುಗಿ ಬಿದ್ದು, ಕಲಬುರಗಿಯ ದವಾಖಾನೆಯಲ್ಲಿ ಕಣ್ಣು ತೆರೆದವರು.

ಭಾಗ್ಯಶ್ರೀ ಕೂಡಲೇ ಮುಳುಗಿದಳು. ಅವಳಿಗೆ ನೀರಿನ ಮೇಲೆ ಈಜು ಚೆನ್ನಾಗಿ ಬರುತ್ತಿತ್ತು, ಆಳಕ್ಕೆ ಹೋದರೆ ಕಿವಿ ಹಿಡಿಯುತ್ತಿತ್ತು. ಅರ್ಧಕ್ಕೇ ಮೇಲೆದ್ದು ಕಿವಿ ಒತ್ತಿಕೊಂಡು ಅತ್ತಳು. ಬಾವಿಗೆ ಬಿದ್ದ ಕೊಡ, ಮೋಟಾರು ಎತ್ತಿಕೊಡುವ ಮುಕ್ರಮನನ್ನು ಕರೆಸಿದರು. ಅವನು ಮೆಟ್ಟಿಲ ನೇರಕ್ಕೆ ಮುಳುಗಿ ತಳವನ್ನೆಲ್ಲ ಕೈಯಿಂದ ಜಾಲಾಡಿದ. ಮಳೆಯ ನೀರಿನ ಜೊತೆ ಬಂದು ಕೂತಿದ್ದ ಕೆಸರು ಎದ್ದು ಬಾವಿಯೆಲ್ಲ ಕದಡಿತು.

"ಕೈಯೇ ಕಾಣವಲ್ದು ಸಾಹೇಬ್ರ" ಎಂದ ಮುಕ್ರಮ, ಅಂಬಾರಾಯರಿಗೆ. "ಮಧ್ಯಾಹ್ನತನಕ ಯಾರೂ ಇಳೀಬ್ಯಾಡ್ರಿ. ನೀರು ತಿಳಿ ಆಗ್ಲಿ."

"ಮೋಟಾರ ಹಚ್ಚಸ್ತೀನಿ. ಎರಡು ಹಚ್ಚಿದ್ರ?"

"ನಾಳೆ ಸಂಜಿ ಆಗ್ತದ್ರಿ."

ಅಂಬಾರಾಯರು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅರವತ್ತಕ್ಕೆ ಹತ್ತಿರದ ಮನುಷ್ಯ, ಕೂತದ್ದು ಮಾತ್ರ ಹುಡುಗನಂತೆ. "ಅವ್ವಾ, ಮಠಕ್ಕ ಫೋನ್ ಹಚ್ಚಿದ್ದೆ. ಗುರುಗಳು ಬ್ಯಾರೆ ಲಿಂಗ ಧಾರಣ ಮಾಡಸ್ತೀವಿ, ದೋಷ ಇಲ್ಲ ಅಂತ ಹೇಳ್ಯಾರ."

"ನಿನ್ನ ಕಳ್ಕೊಂಡಿದ್ರ, ಬ್ಯಾರೆ ಮಗನ್ನ ಕೊಡ್ತೀನಂದ್ರ ತಗೋತಿದ್ನೇನು ನಾನು?"

"ಒಂದು ಗುಟುಕು ನೀರಾದ್ರೂ ಕುಡಿ."

"ಲಿಂಗ ಬರಲಿ, ಆಮ್ಯಾಲೆ ಇಬ್ಬರೂ ಕೂಡಿ ಕುಡೀತೀವಿ. ಎಂಟು ವರ್ಷದಾಕಿ ಇದ್ದಾಗಿಂದ ನಾ ಒಬ್ಬಾಕೀನೇ ನೀರು ಕುಡದಿಲ್ಲ." ಎದ್ದು ಹೋಗಲೂ ಒಪ್ಪಲಿಲ್ಲ. ಅದೇ ಮೆಟ್ಟಿಲಲ್ಲಿ, ಸೆರಗು ಹೊದ್ದು, ಗೋಡೆಗೆ ಒರಗಿ ಕೂತರು. ಸೊಸೆ ಛತ್ರಿ ಹಿಡಿದು ನಿಂತಳು.

ನಮ್ಮವರು ಮಧ್ಯಾಹ್ನ ಊಟಕ್ಕೆ ಬರುತ್ತಾರೆಂದು ನಾನು ಮನೆಗೆ ಬಂದೆ. ಎಲೆ ಹಾಕಿ ಬಡಿಸಿದೆ. ಆಗಿದ್ದನ್ನು ಹೇಳಿದೆ.

"ಪಾಪ" ಎಂದರು. "ಆದ್ರ ಅದು ಅವರ ಮನಿ, ಅವರ ದೇವರು. ನಾವೇನು ಮಾಡ್ಲಿಕ್ಕೆ ಆಗ್ತದ? ನೀನೂ ಬಡಿಸಿಕೊ."

ನಾನು ಬಡಿಸಿಕೊಂಡೆ. ತುತ್ತು ಕಲಸಿದೆ. ಮುಕ್ರಮ ಮೆಟ್ಟಿಲ ನೇರಕ್ಕೆ ಹುಡುಕಿದ್ದು ಕಣ್ಣ ಮುಂದೆ ಬಂತು. ಮೆಟ್ಟಿಲ ನೇರಕ್ಕೆ ಏನೂ ನಿಲ್ಲುವುದಿಲ್ಲವೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಬೇಸಿಗೆಯಲ್ಲಿ ಆ ತಳದ ಮೇಲೆ ನಿಂತವರು ನಾವು. ಲತೀಫಾಳಿಗೆ ನೀರೆಂದರೆ ಭಯ. ಉಳಿದವಳು ನಾನು. ಎಲೆಯಿಂದ ಕೈ ತೆಗೆದೆ.

"ನನಗ ಈಸಲಿಕ್ಕೆ ಬರ್ತದ" ಎಂದೆ.

ಅವರು ಊಟ ನಿಲ್ಲಿಸಿ ನೋಡಿದರು. "ಯಾರಿಗೆ?"

"ನನಗ. ಕಾಗಿಣಾದಾಗ ಕಲ್ತೀನಿ. ತಳ ಮುಟ್ಟಿ ಬರ್ತಿದ್ದೆ."

"ಇಷ್ಟು ವರ್ಷ ಆತು ಲಗ್ನ ಆಗಿ, ಒಂದಿನ ಹೇಳಿಲ್ಲ."

"ನೀವು ಕೇಳಿಲ್ಲ."

"ಹೆಂಡ್ತಿಗೆ ಈಸು ಬರ್ತದೇನು ಅಂತ ಯಾವ ಗಂಡ ಕೇಳ್ತಾನ?" ಎಂದರು. ಮಜ್ಜಿಗೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು, "ಎಷ್ಟು ಆಳ ಅದ?"

"ಎರಡಾಳು."

"ಮುಳುಗಿದ್ರ?"

ನಾನು ನನ್ನ ಎಲೆ ಮಡಿಚಿದೆ. ಅವರು ಕೈ ತೊಳೆದು ಸ್ಕೂಟರಿನ ಚಾವಿ ತೆಗೆದುಕೊಂಡರು. ಕಚೇರಿಗೆ ಹೊರಟರೆಂದುಕೊಂಡೆ. ಬಾಗಿಲಲ್ಲಿ ನಿಂತು, "ಬಾ ಮತ್ತ. ಮುದುಕಿ ಎಷ್ಟೊತ್ತು ತಡೀತಾಳ?" ಎಂದರು.

ಬಾವಿಯ ನೀರು ತಿಳಿಯಾಗುತ್ತ ಬಂದಿತ್ತು. ಮೋಟಾರು ತರಲು ಹೋದ ಮುಕ್ರಮ ಇನ್ನೂ ಬಂದಿರಲಿಲ್ಲ. ಆಯಿಯ ಕಣ್ಣು ಮುಚ್ಚಿದ್ದವು. ತುಟಿ ಒಣಗಿ ಬಿಳಿಚಿದ್ದವು. ಕೈ ಮುಟ್ಟಿದರೆ ತಣ್ಣಗೆ ಬೆವರಿತ್ತು. ಅಂಬಾರಾಯರು ಡಾಕ್ಟರನ್ನು ಕರೆಸಿದ್ದರು. ಆತ ಗ್ಲುಕೋಸಿನ ಬಾಟಲಿ ಹಿಡಿದು ಮೇಲೆ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ. ಸೂಜಿ ಚುಚ್ಚಲೂ ಆಯಿ ಬಿಟ್ಟಿರಲಿಲ್ಲ.

ನಾನು ಇಳಿಯುತ್ತೇನೆ ಎಂದಾಗ ಭಾಗ್ಯಶ್ರೀ ನನ್ನ ತೋಳು ಹಿಡಿದಳು. "ವೈನಿ, ಚ್ಯಾಷ್ಟಿ ಮಾಡಬ್ಯಾಡ್ರಿ. ಮುಂಜಾನೆ ನನಗೇ ಆಗಲಿಲ್ಲ."

ಲತೀಫಾ ನನ್ನ ಮುಖವನ್ನು ನೋಡಿದಳು. ಪಂಪಿನ ಕೋಣೆಗೆ ಕರೆದುಕೊಂಡು ಹೋಗಿ, ಹುಡುಗಿಯರಿಗೆ ಈಜಲೆಂದು ಹೊಲಿದ ಕುಡ್ತಾ ಪೈಜಾಮಗಳಲ್ಲಿ ದೊಡ್ಡದನ್ನು ತೆಗೆದು ಕೊಟ್ಟಳು. ಬಗಲಲ್ಲಿ ಬಿಗಿಯಾಯಿತು. ಹಲ್ಲಿನಿಂದ ಹೊಲಿಗೆ ಕಚ್ಚಿ ಬಿಚ್ಚಿದಳು. ಆಮೇಲೆ ಹೊರಗೆ ಬಂದು ಗಂಡಸರಿಗೆ ಹೇಳಿದಳು.

"ಎಲ್ಲಾರೂ ಜರಾ ಆ ಕಡಿ ಹೋಗಿ ತೊಗರಿ ಹೂ ಬಿಟ್ಟದೇನು ನೋಡ್ಕೋತ ನಿಂದ್ರಿ. ಡಾಕ್ಟ್ರೇ, ನೀವೂ."

"ನಾ ಇಕಿ ಗಂಡ" ಎಂದರು ನಮ್ಮವರು.

"ಗಂಡಸ್ರು ಅಂದ್ರ ಗಂಡ ಬರಂಗಿಲ್ಲೇನ್ರಿ ಅದರಾಗ? ನಡೀರಿ."

ನಾನು ಮೆಟ್ಟಿಲಿಳಿದೆ. ನೀರು ಮೊಳಕಾಲು, ಸೊಂಟ, ಎದೆ. ಕಾರ್ತಿಕದ ಬಾವಿ ನೀರು ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಕಾಲು ಬಿಟ್ಟೆ. ಮೈ ಮುಳುಗಿತು, ಕೈ ತಾನಾಗಿ ನೀರನ್ನು ತಳ್ಳಿತು, ತಲೆ ಮೇಲೆ ನಿಂತಿತು. ನಾನು ಏನೂ ಮಾಡಲಿಲ್ಲ ಎನಿಸಿತು. ಯಾರೋ ಕೆಳಗಿನಿಂದ ಹಿಡಿದಿದ್ದರು ಎನಿಸಿತು. ಮೇಲೆ ಭಾಗ್ಯಶ್ರೀ "ಅಯ್ಯ, ವೈನಿಗೆ ಬರ್ತದ" ಎನ್ನುವುದು ಕೇಳಿಸಿತು.

ಮೊದಲ ಸಲ ಮುಳುಗಿದಾಗ ಹೆದರಿಕೆ ತಡೆಯಿತು. ಕಣ್ಣು ತೆರೆದೆ, ಹಸುರು ಕತ್ತಲೆ. ಎದೆ ಬಿಗಿಯಿತು. ಇದು ಹನ್ನೆರಡರ ಮೈಯಲ್ಲ, ಐವತ್ತು ದಾಟಿದ ಮೈ, ಹೆತ್ತ ಮೈ, ಮತ್ತೊಬ್ಬರನ್ನು ಎತ್ತಿ ಇಳಿಸಿ ಸವೆದ ಮೈ. ಮೇಲೆದ್ದು ಮೆಟ್ಟಿಲು ಹಿಡಿದು ಕೆಮ್ಮಿದೆ.

ಆಯಿ ಕಣ್ಣು ತೆರೆದಿದ್ದರು. "ಯಾರು?" ಎಂದರು.

"ನಾನು ಆಯಿ, ಭಾಮಾ."

"ಬ್ಯಾಡ ತಂಗಿ. ನಿನಗೂ ಮನಿ ಅದ."

ಆ ಮಾತಿಗೆ ನನಗೆ ಯಾಕೆ ಅಷ್ಟು ಸಿಟ್ಟು ಬಂತೋ. ಮನೆ ಇದೆ, ನಿಜ. ಬೇಡ ಎಂದು ನನ್ನನ್ನು ದಡಕ್ಕೆ ಕರೆದವರಿಗೆಲ್ಲ ಇದ್ದ ಕಾರಣ ಅದೊಂದೇ. ಉತ್ತರ ಕೊಡದೆ ಉಸಿರು ತೆಗೆದುಕೊಂಡು, ತಲೆ ಕೆಳಗೆ ಮಾಡಿ, ಕಾಲು ಒದ್ದು ಇಳಿದೆ.

ಕಿವಿ ಒತ್ತಿತು. ಮೂಗು ಹಿಡಿದು ಊದಿದೆ, ಅಣ್ಣ ಹೇಳಿಕೊಟ್ಟ ಹಾಗೆ, ಕಿವಿ ಬಿಟ್ಟಿತು. ಕೈಗೆ ಹಾಸುಗಲ್ಲು ಸಿಕ್ಕಿತು. ಅದೇ ಕಲ್ಲು, ಅದರ ವಾಲು ನನ್ನ ಅಂಗಾಲಿಗೆ ಗೊತ್ತಿದ್ದದ್ದು, ಈಗ ಅಂಗೈಗೆ ಗೊತ್ತಾಯಿತು. ಕೆಸರನ್ನು ಕೆದಕದೆ, ಕಲ್ಲು ಕರೆದುಕೊಂಡು ಹೋದ ಕಡೆಗೆ ಹೋದೆ. ಬಡಗಣ ಗೋಡೆ. ಗೋಡೆಗೂ ಕಲ್ಲಿಗೂ ನಡುವೆ ಸಂದಿ, ನಮ್ಮ ಬುಟ್ಟಿಗಳು ಹೋಗಿ ನಿಲ್ಲುತ್ತಿದ್ದ ಜಾಗ. ಬೆರಳು ಇಳಿಸಿದೆ. ಮೆತ್ತನೆಯ ಹೂಳು. ಒಂದು ಬಳೆಯ ಚೂರು. ಒಂದು ಹರಳು, ಒರಟು. ಎದೆ ಉರಿಯತೊಡಗಿತು. ಬೆರಳನ್ನು ಇನ್ನಷ್ಟು ಒಳಗೆ ತುರುಕಿದೆ. ನುಣ್ಣನೆಯದೊಂದು ಬೆರಳ ತುದಿಗೆ ತಾಗಿ ಹೊರಳಿತು. ಎರಡು ಬೆರಳಿನಿಂದ ಹಿಡಿದೆ, ಮುಷ್ಟಿಯೊಳಗೆ ಬಂತು.

ಮೇಲೆ ಬರುವಾಗ ಅವಸರ ಮಾಡಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಉಸಿರು ಮುಗಿದಿದ್ದರೂ ಬೆಳಕಿನ ಕಡೆಗೆ ಏರುತ್ತಿದ್ದ ಆ ಒಂದು ಗಳಿಗೆ ನನಗೆ ಉದ್ದವಾಗಿ ಬೇಕಿತ್ತು.

ನೀರಿನ ಮೇಲೆ ಬಂದು ಗಾಳಿ ಎಳೆದುಕೊಂಡೆ. ಮುಷ್ಟಿ ಎತ್ತಿ ತೋರಿಸಿದೆ. ಛತ್ರಿ ಹಿಡಿದಿದ್ದ ಸೊಸೆ ಅಲ್ಲೇ ಕುಸಿದು ಕೂತಳು. ಈಜಿ ಮೆಟ್ಟಿಲ ಹತ್ತಿರ ಬಂದೆ, ಬಂದವಳು ಒಂದು ಕೈ ದೂರದಲ್ಲಿ ನಿಂತುಬಿಟ್ಟೆ. ಆಗ ಹೊಳೆಯಿತು: ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕಟ್ಟಿದ ಗುರು ಮುಟ್ಟಬೇಕು, ಕಟ್ಟಿಸಿಕೊಂಡವರು ಮುಟ್ಟಬೇಕು. ನಾನು ಬೇರೆ ಮನೆತನದವಳು, ಬೇರೆ ಮತದವಳು.

"ಆಯಿ, ನನ್ನ ಕೈ ಹತ್ತಿಬಿಟ್ಟದ" ಎಂದೆ. "ತಿಳೀಲಿಲ್ಲ. ಬರೇ ಕೈಲೆ ಹಿಡದೀನಿ."

ಆಯಿ ನನ್ನನ್ನು ನೋಡುತ್ತಿರಲಿಲ್ಲ, ಮುಷ್ಟಿಯನ್ನು ನೋಡುತ್ತಿದ್ದರು. "ಮತ್ತ ಬಾಯಿಲೆ ಹಿಡಕೊಂಡು ಬರ್ತಿದ್ದೇನು, ಮೀನಿನಂಗ?" ಎಂದರು. "ತಾ ಇಲ್ಲಿ."

ಎಡ ಅಂಗೈ ಚಾಚಿದರು. ನಾನು ಮುಷ್ಟಿ ಬಿಚ್ಚಿ ಅದರಲ್ಲಿಟ್ಟೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬಲಗೈಯಿಂದ ನನ್ನ ಒದ್ದೆ ಬೆರಳುಗಳನ್ನು ಹಿಡಿದು ಹೇಳಿದರು. "ಎಂಟು ವರ್ಷದಾಕಿ ಇದ್ದಾಗ ಗುರು ಕಟ್ಟಿದ. ಅವನ ಕೈ ಹತ್ತಿತ್ತು, ನನ್ನ ಕೈ ಹತ್ತಿತ್ತು. ಈಗ ನಿನ್ನ ಕೈ. ಮೂರು ಆದವು. ಇದರಾಗೇನು ಅಡ್ಡಿ ಇಲ್ಲ."

ಪೂಜೆ ಅಲ್ಲೇ ಆಯಿತು. ಈ ಸಲ ನೀರನ್ನು ಸೊಸೆ ಚಮಚದಿಂದ ಎರೆದಳು. ಆ ನೀರನ್ನೇ ಆಯಿ ಅಂಗೈಯಿಂದ ಹೀರಿದರು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿದ್ದನ್ನು ನಾನು ನೋಡಿದೆ. ಲತೀಫಾ ಮೇಲೆ ಮುಖ ಮಾಡಿ, "ಸಾಹೇಬ್ರ, ಅವ್ವ ನೀರು ಕುಡದ್ರು, ಇನ್ನ ತೊಗರಿ ನೋಡೂದು ಬಿಟ್ಟು ರೊಟ್ಟಿ ತರ್ರಿ" ಎಂದಳು. ಅಂಬಾರಾಯರೇ ಬುಟ್ಟಿ ಹಿಡಿದು ಇಳಿದರು. ತಾಯಿಯ ಮುಂದೆ ಇಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಗೋಡೆಯ ಕಡೆ ತಿರುಗಿ ನಿಂತರು. ಡಾಕ್ಟರ್ ಬಂದು ನಾಡಿ ಹಿಡಿದು ತಲೆಯಾಡಿಸಿದ.

"ವೈನಿ, ಹೊರಗ ಬರ್ರಿ, ಥಂಡಿ ಆಗ್ತದ" ಎಂದಳು ಭಾಗ್ಯಶ್ರೀ, ಒಣ ಸೀರೆ ಹಿಡಿದು.

"ಇರ್ಲಿ ತಡಿ" ಎಂದೆ. ಕಾಲಿನಿಂದ ಗೋಡೆ ಒದ್ದು ಆ ದಂಡೆಗೆ ಹೋದೆ. ಅಲ್ಲಿ ಮುಟ್ಟಿ ತಿರುಗಿ ಬಂದೆ. ಮತ್ತೆ ಹೋದೆ. ನಮ್ಮವರು ಮೇಲಿನ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದುದು ಕಂಡಿತು. ಕಚೇರಿಗೆ ಹೊತ್ತಾಗಿದ್ದರೂ ಕೈಗಡಿಯಾರ ನೋಡಿಕೊಳ್ಳಲಿಲ್ಲ.

ತಿರುಗಿ ಬಂದಾಗ ಆಯಿ ಜೋಳದ ರೊಟ್ಟಿಯನ್ನು ಮುರಿಯುತ್ತಿದ್ದರು. ಮುಖಕ್ಕೆ ಕಳೆ ಬಂದಿತ್ತು. ಮೊದಲ ಮುರುಕಿನ ಮೇಲೆ ಪುಂಡಿಪಲ್ಯ ಇಟ್ಟು, ಬಾಯಿಗೆ ಒಯ್ಯುವ ಬದಲು ನನ್ನ ಕಡೆ ಚಾಚಿದರು.

"ಮುಂಜಾನಿಂದ ನೀನೂ ಏನೂ ತಿಂದಿಲ್ಲ, ಮಾರಿ ಹೇಳ್ತದ. ತಗೊ. ಈಸಿದವರಿಗೆ ಹಸಿವಿ ಭಾಳ."

ಒದ್ದೆ ಬಟ್ಟೆಯಲ್ಲಿ, ಮಡಿಯಿಲ್ಲದೆ ನೀರಿನಲ್ಲಿ ನಿಂತು, ಬೇರೆ ಮತದವರ ಕೈಯ ತುತ್ತು. ಅತ್ತೆ ಇದ್ದಿದ್ದರೆ ಮಂಚ ಬಡಿಯುತ್ತಿದ್ದರು. ನಾನು ಒಂದು ಕೈಯಿಂದ ಮೆಟ್ಟಿಲ ಅಂಚು ಹಿಡಿದು, ಇನ್ನೊಂದು ಕೈ ಚಾಚಿ ತೆಗೆದುಕೊಂಡೆ. ನೀರು ಎದೆಯವರೆಗೆ ಇತ್ತು. ಪಲ್ಯ ಹುಳಿಯಾಗಿತ್ತು, ರೊಟ್ಟಿ ನನ್ನ ಬೆರಳ ನೀರಿಗೆ ಮೆತ್ತಗಾಗಿತ್ತು. ನಾನು ನುಂಗಿದ ಮೇಲೆ ಆಯಿ ತಮಗೆಂದು ಇನ್ನೊಂದು ತುಂಡು ಮುರಿದುಕೊಂಡರು.